ಕರಿ ಕಾಳಿನ ಬೆನ್ನು ಹತ್ತಿದವರು: ಆಲ್ಬರ್ಟ್ ಹಾಫ್‌ಮನ್

ಆಲ್ಬರ್ಟ್ ಹಾಫ್‌ಮನ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರೋದು ಒಂದೇ ಕಥೆ. ಎಲ್‌ಎಸ್‌ಡಿ ಕಂಡುಹಿಡಿದ ಸ್ವಿಸ್ ಕೆಮಿಸ್ಟ್, ಅದನ್ನ ತಾನೇ ನುಂಗಿ ಸೈಕಲ್ ಹತ್ತಿ ಮನೆಗೆ ಹೋದ ಪುಣ್ಯಾತ್ಮ. ಆ ಕಥೆಯನ್ನ ಟೀ ಶರ್ಟ್ ಮೇಲೂ ನೋಡಿರ್ತೀರಿ. ನಾನು ಅವರ ಬಗ್ಗೆ ಓದೋಕೆ ಶುರು ಮಾಡಿದ್ದು ಮಾತ್ರ ಬೇರೆ ದಾರಿಯಿಂದ, ನಮ್ಮ ಸೋದರಮಾವನ ತಲೆನೋವಿನಿಂದ.

ಮಾವನಿಗೆ ಬರೋದು ಕ್ಲಸ್ಟರ್ ತಲೆನೋವು. ಗೊಂಚಲು ತಲೆನೋವು ಅನ್ನಬಹುದು, ಯಾಕಂದ್ರೆ ಬಂದ್ರೆ ಗೊಂಚಲು ಗೊಂಚಲಾಗೇ ಬರುತ್ತೆ. ವರ್ಷದಲ್ಲಿ ಆರೆಂಟು ವಾರ, ದಿನಾ, ಗಡಿಯಾರ ಇಟ್ಟುಕೊಂಡ ಹಾಗೆ ರಾತ್ರಿ ಅದೇ ಹೊತ್ತಿಗೆ. ಒಂದೇ ಕಡೆ, ಕಣ್ಣಿನ ಹಿಂದೆ, ಕಾದ ಸಲಾಕೆ ಹಾಕಿ ತಿರುವಿದಂಥ ನೋವು. ಆ ಕಡೆಯ ಕಣ್ಣು ಕೆಂಪಾಗಿ ನೀರು ಸುರಿಯುತ್ತೆ, ರೆಪ್ಪೆ ಜೋತು ಬೀಳುತ್ತೆ, ಮೂಗು ಸೋರುತ್ತೆ. ಮೈಗ್ರೇನ್ ಬಂದವರು ಕತ್ತಲೆ ಕೋಣೆಯಲ್ಲಿ ಅಲ್ಲಾಡದೆ ಮಲಗ್ತಾರೆ; ಇದು ಬಂದವರಿಗೆ ಕೂರೋಕೂ ಆಗಲ್ಲ. ಮಾವ ಟೆರೇಸ್ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡ್ತಾರೆ, ನೀರಿನ ಟ್ಯಾಂಕಿಗೆ ಹಣೆ ಚಚ್ಚಿಕೊಳ್ತಾರೆ. ಒಂದು ಸಲಕ್ಕೆ ಹದಿನೈದು ನಿಮಿಷದಿಂದ ಮೂರು ಗಂಟೆ, ಕೆಲವರಿಗೆ ದಿನಕ್ಕೆ ಎಂಟು ಸಲ. ಈ ಕಾಯಿಲೆಗೆ ವೈದ್ಯರ ನಡುವೆಯೇ ಆತ್ಮಹತ್ಯೆ ತಲೆನೋವು ಅನ್ನೋ ಹೆಸರಿದೆ. ಸುಮ್ಮನೆ ಬಂದ ಹೆಸರಲ್ಲ. ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತೆ ಅಂತ ಲೆಕ್ಕ. ಮಾವನಿಗೆ ಏನಾಗಿದೆ ಅಂತ ತಿಳಿಯೋಕೆ ಆರು ವರ್ಷ ಹಿಡೀತು. ಅಷ್ಟರಲ್ಲಿ ಸೈನಸ್ ಅಂತ ಔಷಧಿ ಆಯ್ತು, ಕನ್ನಡಕ ಎರಡು ಸಲ ಬದಲಾಯ್ತು, ಗಟ್ಟಿಯಾಗಿದ್ದ ಒಂದು ದವಡೆ ಹಲ್ಲನ್ನೂ ಕಿತ್ತಾಯ್ತು.

ಈ ನೋವಿನ ಔಷಧಿಗಳ ಇತಿಹಾಸ ಹುಡುಕ್ತಾ ಹೋದಾಗ ಮತ್ತೆ ಮತ್ತೆ ಒಂದೇ ಕಂಪನಿ, ಒಂದೇ ಲ್ಯಾಬ್, ಒಬ್ಬರೇ ಮನುಷ್ಯ ಎದುರಾದರು.

ಹಾಫ್‌ಮನ್ ಹುಟ್ಟಿದ್ದು 1906ರ ಜನವರಿ 11ರಂದು, ಸ್ವಿಟ್ಜರ್‌ಲೆಂಡಿನ ಬಾಡೆನ್ ಊರಲ್ಲಿ. ಅಪ್ಪ ಬ್ರೌನ್ ಬೊವೆರಿ ಕಾರ್ಖಾನೆಯಲ್ಲಿ ಟೂಲ್‌ಮೇಕರ್. (ಎಲೆಕ್ಟ್ರಿಕಲ್ ಬ್ರಾಂಚಿನವರಿಗೆ ಗೊತ್ತಾಗಿರಬೇಕು, ಎಬಿಬಿ ಅನ್ನೋದರ ಎರಡನೇ ಮತ್ತು ಮೂರನೇ ಅಕ್ಷರ ಅದೇ.) ಮನೆಯಲ್ಲಿ ದುಡ್ಡಿರಲಿಲ್ಲ. ಅಪ್ಪನ ಆರೋಗ್ಯ ಕೆಟ್ಟಾಗ ಹಿರಿಮಗ ಕಾಮರ್ಸ್ ಕಡೆಯ ಅಪ್ರೆಂಟಿಸ್ ಕೆಲಸಕ್ಕೆ ಸೇರಿದ್ದಾಯ್ತು. ಓದಿನ ಹುಚ್ಚು ಬಿಡಲಿಲ್ಲ. ಕೆಲಸದ ಜೊತೆಗೇ ಲ್ಯಾಟಿನ್ ಮತ್ತೆಲ್ಲಾ ಕಲಿತು, ದುಡ್ಡಿನ ನೆರವು ಕೊಡೋರೊಬ್ಬರು ಸಿಕ್ಕಿ, ಜ್ಯೂರಿಕ್ ವಿಶ್ವವಿದ್ಯಾಲಯದ ಬಾಗಿಲು ಮುಟ್ಟಿದರು.

ಚಿಕ್ಕ ಹುಡುಗನಾಗಿದ್ದಾಗ ನಡೆದ ಒಂದು ಘಟನೆಯನ್ನ ಅವರು ಮುದಿವಯಸ್ಸಿನಲ್ಲೂ ಹೇಳಿಕೊಳ್ತಿದ್ದರು. ಮೇ ತಿಂಗಳ ಒಂದು ಬೆಳಗ್ಗೆ, ಊರ ಪಕ್ಕದ ಮಾರ್ಟಿನ್ಸ್‌ಬರ್ಗ್ ಗುಡ್ಡದ ಕಾಡಿನಲ್ಲಿ ನಡೀತಿದ್ದಾಗ ಇದ್ದಕ್ಕಿದ್ದಂತೆ ಸುತ್ತಲ ಮರ, ಬೆಳಕು, ಹಕ್ಕಿ ದನಿ ಎಲ್ಲವೂ ಬೇರೆಯದೇ ಸ್ಪಷ್ಟತೆಯಲ್ಲಿ ಹೊಳೆದ ಹಾಗಾಯ್ತಂತೆ. ಸ್ವಲ್ಪ ಹೊತ್ತು ಅಷ್ಟೇ. ಆಮೇಲೆ ಎಲ್ಲ ಮಾಮೂಲಿ. ಈ ಅನುಭವ ಆದ ಹುಡುಗ ಕವಿಯೋ ಪಾದ್ರಿಯೋ ಆಗಬೇಕಿತ್ತು ಅಂತ ನಮಗೆ ಅನ್ನಿಸುತ್ತೆ. ಇವರು ಆರಿಸಿಕೊಂಡಿದ್ದು ಕೆಮಿಸ್ಟ್ರಿ. ಕಣ್ಣಿಗೆ ಕಾಣೋ ಪ್ರಪಂಚ ಯಾವುದರಿಂದ ಆಗಿದೆ ಅಂತ ತಿಳಿಯೋ ಆಸೆಯಿಂದ.

ಡಾಕ್ಟರೇಟ್ ಮಾಡಿದ್ದು ಪಾಲ್ ಕಾರರ್ ಹತ್ತಿರ, ಮುಂದೆ 1937ರಲ್ಲಿ ನೊಬೆಲ್ ಪಡೆದ ಅದೇ ಕಾರರ್. ವಿಷಯ ಕೈಟಿನ್, ಅಂದ್ರೆ ಏಡಿ, ಸಿಗಡಿ, ಕೀಟಗಳ ಚಿಪ್ಪಿನ ವಸ್ತು. ಅದನ್ನ ಒಡೆಯೋಕೆ ದ್ರಾಕ್ಷಿತೋಟದ ಬಸವನಹುಳುವಿನ ಹೊಟ್ಟೆಯ ಜೀರ್ಣರಸ ಬಳಸಿದರು. ಲ್ಯಾಬ್ ಕೆಲಸ ಮೂರೇ ತಿಂಗಳಲ್ಲಿ ಮುಗೀತು! ನಮ್ಮ ಪಿಎಚ್‌ಡಿ ಅಣ್ಣಂದಿರು ದಯವಿಟ್ಟು ಈ ಸಾಲನ್ನ ಬಿಟ್ಟು ಮುಂದೆ ಓದಿ.

1929ರಲ್ಲಿ ಬಾಸೆಲ್‌ನ ಸ್ಯಾಂಡೋಜ್ ಕಂಪನಿ ಸೇರಿದರು. ಅಲ್ಲಿನ ಔಷಧ ವಿಭಾಗದ ಮುಖ್ಯಸ್ಥ ಆರ್ಥರ್ ಸ್ಟೋಲ್. ಸ್ಟೋಲ್‌ರ ನಂಬಿಕೆ ಇಷ್ಟೇ: ನಾಟಿ ಔಷಧಿಯಾಗಿ ಶತಮಾನಗಳಿಂದ ಬಳಕೆಯಲ್ಲಿರೋ ಗಿಡಮೂಲಿಕೆಗಳಲ್ಲಿ ಕೆಲಸ ಮಾಡೋ ಅಸಲಿ ವಸ್ತುವನ್ನ ಶುದ್ಧವಾಗಿ ಹೊರತೆಗೆದರೆ, ಡೋಸ್ ಅಳೆದು ಕೊಡಬಹುದು. ಹಾಫ್‌ಮನ್ ಮೊದಲ ಕೆಲವು ವರ್ಷ ಮೆಡಿಟರೇನಿಯನ್ ತೀರದ ಒಂದು ಕಾಡು ಈರುಳ್ಳಿಯ ಮೇಲೆ ಕಳೆದರು. ಹೃದಯದ ಔಷಧಿಗಾಗಿ. 1935ರ ಹೊತ್ತಿಗೆ ಆ ಕೆಲಸ ಮುಗಿದು, ಹೊಸದೇನು ಹಿಡಿಯೋಣ ಅಂದಾಗ ಕೈಗೆ ಬಂದಿದ್ದೇ ಎರ್ಗಟ್.

ಎರ್ಗಟ್ ಅಂದ್ರೆ ರೈ ಧಾನ್ಯದ ತೆನೆಗೆ ಹತ್ತೋ ಬೂಷ್ಟು. ಕಾಳಿನ ಜಾಗದಲ್ಲಿ ಕರೀ ನೇರಳೆ ಬಣ್ಣದ, ಕೋಳಿ ಕಾಲಿನ ಉಗುರಿನಂಥ ಗಡ್ಡೆ ಬೆಳೆಯುತ್ತೆ. ನಮ್ಮ ಕಡೆ ಸಜ್ಜೆ ತೆನೆಗೆ ಬರೋ ಜೇನು ರೋಗವೂ ಇದೇ ಕುಲದ ಬೂಷ್ಟಿನದು. ಮೊದಲು ತೆನೆಯಿಂದ ಜೇನಿನಂಥ ಅಂಟು ಒಸರುತ್ತೆ, ಆಮೇಲೆ ಕರಿ ಕಾಳು. ಮಧ್ಯಯುಗದ ಯುರೋಪಿನಲ್ಲಿ ಈ ಕಾಳು ಸೇರಿದ ಹಿಟ್ಟಿನ ರೊಟ್ಟಿ ತಿಂದು ಊರಿಗೆ ಊರೇ ನರಳಿದ್ದುಂಟು. ರಕ್ತನಾಳ ಬಿಗಿದು ಕೈಕಾಲು ಬೆರಳು ಕಪ್ಪಾಗಿ ಉದುರಿ ಬೀಳ್ತಿತ್ತು, ಕೆಲವರಿಗೆ ಸೆಟೆತ, ಭ್ರಮೆ. ಸಂತ ಆಂಟನಿಯ ಬೆಂಕಿ ಅಂತ ಅದಕ್ಕೆ ಹೆಸರು. ಅದೇ ಕಾಳನ್ನ ಸೂಲಗಿತ್ತಿಯರು ಹೆರಿಗೆ ಬೇಗ ಆಗಲಿ ಅಂತ ಚಿಟಿಕೆ ಲೆಕ್ಕದಲ್ಲಿ ಕೊಡ್ತಿದ್ದರು. ಚಿಟಿಕೆ ಹೆಚ್ಚಾದರೆ ತಾಯಿ ಮಗು ಎರಡೂ ಇಲ್ಲ.

1918ರಲ್ಲೇ ಸ್ಟೋಲ್ ಈ ಕಾಳಿನಿಂದ ಎರ್ಗೋಟಮಿನ್ ಅನ್ನೋ ವಸ್ತುವನ್ನ ಬೇರ್ಪಡಿಸಿದ್ದರು. ರಕ್ತನಾಳ ಬಿಗಿಸೋ ಅದರ ಗುಣ ಮೈಗ್ರೇನಿಗೆ ಮದ್ದಾಯ್ತು. 1940ರ ದಶಕದಲ್ಲಿ ಕ್ಲಸ್ಟರ್ ತಲೆನೋವಿನವರಿಗೂ ಅದನ್ನೇ ಕೊಟ್ಟು ನೋಡಿದರು, ಹಲವರಿಗೆ ತಡೆಯಿತು. ನೋಡಿ, ಬೆರಳು ಉದುರಿಸಿದ ವಿಷವೇ ನೋವು ನಿಲ್ಲಿಸೋ ಮಾತ್ರೆ ಆಗಿದ್ದು.

ಹಾಫ್‌ಮನ್ ಎರ್ಗಟ್ ಕೆಲಸ ಶುರು ಮಾಡಿದಾಗಿನ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಪ್ರಯೋಗಕ್ಕೆ ಅಂತ ಅವರು ಉತ್ಪಾದನಾ ವಿಭಾಗದಿಂದ ಅರ್ಧ ಗ್ರಾಂ ಶುದ್ಧ ಎರ್ಗೋಟಮಿನ್ ತರಿಸಿಕೊಂಡರು. ಸ್ಟೋಲ್ ಸ್ವತಃ ಲ್ಯಾಬಿಗೆ ಬಂದು ತರಾಟೆಗೆ ತಗೊಂಡ್ರು. ಅಷ್ಟು ದುಬಾರಿ ಮಾಲನ್ನ ಹೀಗೆ ಸುರಿಯೋದಾ, ನನ್ನ ಎರ್ಗಟ್ ಮುಟ್ಟಬೇಕಾದ್ರೆ ಮೈಕ್ರೋ ಪ್ರಮಾಣದಲ್ಲಿ ಕೆಲಸ ಮಾಡೋದು ಕಲಿ, ಅನ್ನೋ ಅರ್ಥದಲ್ಲಿ. ಹಾಫ್‌ಮನ್ ಕಲಿತರು. ಮುಂದೆ ಅವರ ಹೆಸರು ನಿಂತಿದ್ದು ಒಂದು ಗ್ರಾಮಿನ ಸಾವಿರದ ಒಂದು ಭಾಗವೂ ಅಲ್ಲದ ಪ್ರಮಾಣದ ಮೇಲೆ. ಆ ಬೈಗುಳ ದಂಡ ಆಗಲಿಲ್ಲ.

ಎಲ್ಲ ಎರ್ಗಟ್ ಆಲ್ಕಲಾಯ್ಡ್‌ಗಳ ಬೆನ್ನೆಲುಬು ಲೈಸರ್ಜಿಕ್ ಆಸಿಡ್ ಅಂತ ಅಮೆರಿಕದ ರಾಕ್‌ಫೆಲರ್ ಸಂಸ್ಥೆಯವರು ಆಗಷ್ಟೇ ತೋರಿಸಿದ್ದರು. ಹಾಫ್‌ಮನ್ ಆ ಬೆನ್ನೆಲುಬಿಗೆ ಬೇರೆ ಬೇರೆ ಬಾಲ ಜೋಡಿಸ್ತಾ ಹೋದರು. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸೋ ವಸ್ತುವನ್ನ ಲ್ಯಾಬಿನಲ್ಲೇ ಕಟ್ಟಿದರು, ಅದನ್ನ ಸ್ವಲ್ಪ ಮಾರ್ಪಡಿಸಿದ್ದೇ ಮೆಥರ್ಜಿನ್. ನಮ್ಮ ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ವಾರ್ಡಿನ ನರ್ಸಮ್ಮನ್ನ ಕೇಳಿ, ಈ ಇಂಜೆಕ್ಷನ್ ಹೆಸರು ಗೊತ್ತಿರುತ್ತೆ. ಎಲ್‌ಎಸ್‌ಡಿಯಿಂದ ಹೆಸರು ಕೆಡಿಸಿಕೊಂಡ ಈ ಮನುಷ್ಯನ ಕೈಕೆಲಸ ಎಷ್ಟು ಬಾಣಂತಿಯರ ಜೀವ ಉಳಿಸಿದೆಯೋ ಲೆಕ್ಕ ಇಟ್ಟವರಿಲ್ಲ. ಡೈಹೈಡ್ರೋಎರ್ಗೋಟಮಿನ್ ಕೂಡ ಅಲ್ಲಿಂದಲೇ ಬಂದಿದ್ದು, ಅದು ಈಗಲೂ ಕ್ಲಸ್ಟರ್ ಮತ್ತು ಮೈಗ್ರೇನ್ ಔಷಧಿಗಳ ಪಟ್ಟಿಯಲ್ಲಿದೆ.

ಹೀಗೆ ಬಾಲ ಜೋಡಿಸಿದ ಸಾಲಿನಲ್ಲಿ 25ನೆಯದು ಲೈಸರ್ಜಿಕ್ ಆಸಿಡ್ ಡೈಈಥೈಲಮೈಡ್. ದಿನಾಂಕ 1938ರ ನವೆಂಬರ್ 16. ಉಸಿರಾಟ ಮತ್ತು ರಕ್ತಚಲನೆಗೆ ಚುರುಕು ಕೊಡೋ ಔಷಧಿ ಆಗಬಹುದು ಅಂತ ಅವರ ಲೆಕ್ಕ. ಪ್ರಾಣಿಗಳ ಮೇಲೆ ನೋಡಿದರು. ಪ್ರಾಣಿಗಳು ಸ್ವಲ್ಪ ಚಡಪಡಿಸಿದವು, ಬೇರೇನೂ ವಿಶೇಷ ಕಾಣಲಿಲ್ಲ. ಫೈಲ್ ಮುಚ್ಚಿಟ್ಟರು.

ಐದು ವರ್ಷ ಆದಮೇಲೆ, ಸುತ್ತಲೂ ಯುದ್ಧ ನಡೀತಿರುವಾಗ, ಆ 25ನೇ ವಸ್ತುವಿನಲ್ಲಿ ಏನೋ ಇದೆ ಅಂತ ಅವರಿಗೆ ಒಳಗೊಳಗೇ ಅನ್ನಿಸತೊಡಗಿತು. ಕಂಪನಿಯ ಲೆಕ್ಕದಲ್ಲಿ ಬಿಟ್ಟುಹಾಕಿದ ವಸ್ತುವನ್ನ ಮತ್ತೆ ಮಾಡೋ ಪದ್ಧತಿ ಇರಲಿಲ್ಲ. ಆದರೂ ಮಾಡಿದರು. 1943ರ ಏಪ್ರಿಲ್ 16, ಶುಕ್ರವಾರ, ಕೊನೆಯ ಹಂತದಲ್ಲಿ ಇದ್ದಾಗ ತಲೆ ಸುತ್ತು, ಚಡಪಡಿಕೆ. ಮನೆಗೆ ಹೋಗಿ ಕಣ್ಣು ಮುಚ್ಚಿ ಮಲಗಿದರೆ ಬಣ್ಣಬಣ್ಣದ ಚಿತ್ರಗಳ ಮೆರವಣಿಗೆ. ಎರಡು ಗಂಟೆಯಲ್ಲಿ ಇಳಿಯಿತು. ಬೆರಳ ತುದಿಯಿಂದ ಚೂರು ಒಳಗೆ ಹೋಗಿರಬೇಕು ಅಂತ ಅವರ ಊಹೆ. ಅಷ್ಟು ಚೂರಿಗೇ ಹೀಗಾಗುತ್ತಾ?

ಸೋಮವಾರ, ಏಪ್ರಿಲ್ 19ರ ಸಂಜೆ 4:20ಕ್ಕೆ 0.25 ಮಿಲಿಗ್ರಾಂ ನೀರಲ್ಲಿ ಬೆರೆಸಿ ಕುಡಿದರು. ಆಗ ಗೊತ್ತಿದ್ದ ಎರ್ಗಟ್ ವಸ್ತುಗಳ ಲೆಕ್ಕದಲ್ಲಿ ಅದು ಏನೂ ಆಗದಷ್ಟು ಕಡಿಮೆ ಡೋಸ್, ಎಚ್ಚರಿಕೆಯ ಡೋಸ್. ನಿಜದಲ್ಲಿ ಅದು ಭಾರೀ ಡೋಸ್. ನೋಟ್‌ಬುಕ್ಕಿನಲ್ಲಿ ಬರೆಯೋಕೂ ಆಗದ ಸ್ಥಿತಿ ಬಂತು. ಯುದ್ಧಕಾಲದ ನಿರ್ಬಂಧದಿಂದ ಕಾರು ಸಿಗೋ ಹಾಗಿಲ್ಲ, ಸಹಾಯಕಿ ಸೂಸಿ ರಾಮ್‌ಸ್ಟೈನ್ ಜೊತೆಗೆ ಸೈಕಲ್ಲಿನಲ್ಲೇ ಮನೆಗೆ ಹೊರಟರು. ಸೈಕಲ್ ಕದಲ್ತಾನೇ ಇಲ್ಲ ಅಂತ ಇವರಿಗೆ. ಬಹಳ ಜೋರಾಗಿ ಬಂದ್ವಿ ಅಂತ ಆಮೇಲೆ ಆಕೆ ಹೇಳಿದ್ದು. ಮನೆಯಲ್ಲಿ ಕುರ್ಚಿ ಮೇಜುಗಳು ಹೆದರಿಸಿದವು. ಹಾಲು ವಿಷಕ್ಕೆ ಒಳ್ಳೇದು ಅಂತ ತರಿಸಿದರೆ, ಹಾಲು ತಂದುಕೊಟ್ಟ ಪಕ್ಕದ ಮನೆಯಾಕೆ ಮಾಟಗಾತಿಯಾಗಿ ಕಂಡಳು. ಹೆಂಡತಿ ಅನಿತಾ ಮೂರು ಮಕ್ಕಳ ಜೊತೆ ತವರಿಗೆ ಹೋಗಿದ್ದ ದಿನ ಅದು. ಹುಚ್ಚು ಹಿಡಿಯಿತೋ, ಸಾಯ್ತಾ ಇದ್ದೀನೋ, ಅವರಿಗೆ ವಿದಾಯವನ್ನೂ ಹೇಳದೆ ಹೋಗ್ತೀನೋ ಅನ್ನೋ ಭಯ. ಡಾಕ್ಟರ್ ಬಂದು ನೋಡಿದರೆ ಪಾಪೆ ಅಗಲವಾಗಿದ್ದು ಬಿಟ್ಟು ಏನೂ ಇಲ್ಲ! ನಿಧಾನಕ್ಕೆ ಭಯ ಇಳಿದು, ಬಣ್ಣಗಳನ್ನ ನೋಡ್ತಾ ನಿದ್ದೆ ಹೋದರು. ಮಾರನೇ ಬೆಳಗ್ಗೆ ತಿಂಡಿಗೆ ಹಿಂದೆಂದೂ ಇಲ್ಲದ ರುಚಿ, ಮಳೆ ಬಿದ್ದ ತೋಟದಲ್ಲಿ ಎಲ್ಲವೂ ಹೊಸದು.

ಟೀ ಶರ್ಟ್‌ನವರು ಈ ಬೆಳಗ್ಗೆಯನ್ನ ಅಚ್ಚು ಹಾಕ್ತಾರೆ, ಮಧ್ಯದ ಆ ಭಯದ ಗಂಟೆಗಳನ್ನ ಬಿಡ್ತಾರೆ. ಹಾಫ್‌ಮನ್ ಎರಡನ್ನೂ ಬರೆದಿಟ್ಟರು.

ಸ್ಟೋಲ್ ವರದಿ ನೋಡಿ, ತೂಕ ತಪ್ಪಿರಬೇಕು ಅಂದ್ರು. ಫಾರ್ಮಕಾಲಜಿಯ ಮುಖ್ಯಸ್ಥ ರೋಥ್ಲಿನ್ ಮತ್ತು ಇಬ್ಬರು ಸಹೋದ್ಯೋಗಿಗಳು ಅದರ ಮೂರರಲ್ಲಿ ಒಂದು ಭಾಗ ತಗೊಂಡು ನೋಡಿದ ಮೇಲೆ ಅನುಮಾನ ಹೋಯ್ತು. ಮುಂದೆ ಡೆಲಿಸಿಡ್ ಅನ್ನೋ ಹೆಸರಲ್ಲಿ ಸ್ಯಾಂಡೋಜ್ ಅದನ್ನ ಮನೋವೈದ್ಯರಿಗೆ ಸಂಶೋಧನೆಗೆ ಕೊಟ್ಟಿತು.

ಈಗ ಎರಡನೇ ಅಧ್ಯಾಯ, ಅಣಬೆ. ಮೆಕ್ಸಿಕೋದ ಬೆಟ್ಟಗಾಡಿನ ಮಜಾಟೆಕ್ ಜನ ರೋಗಿಯ ಕಾಯಿಲೆ ಏನು ಅಂತ ತಿಳಿಯೋ ರಾತ್ರಿ ಪೂಜೆಗಳಲ್ಲಿ ತಿನ್ನೋ ಅಣಬೆಯ ಸುದ್ದಿಯನ್ನ ಗಾರ್ಡನ್ ವಾಸನ್ ಎಂಬ ಅಮೆರಿಕನ್ ಬ್ಯಾಂಕರ್ ಹೊರಗೆ ತಂದಿದ್ದರು. ಪ್ಯಾರಿಸ್ಸಿನ ರೋಜರ್ ಹೈಮ್ ಆ ಅಣಬೆಯನ್ನ ಲ್ಯಾಬಿನಲ್ಲಿ ಬೆಳೆದು, ಒಳಗಿನ ವಸ್ತು ಹುಡುಕೋಕೆ ಹಾಫ್‌ಮನ್‌ಗೆ ಕಳಿಸಿದರು. ಪ್ರಾಣಿಗಳ ಮೇಲೆ ಏನೂ ತಿಳಿಯಲಿಲ್ಲ. ಅಣಬೆಯಲ್ಲೇ ಸತ್ವ ಇಲ್ಲವೇನೋ ಅಂತ ಪರೀಕ್ಷಿಸೋಕೆ ಹಾಫ್‌ಮನ್ ಒಣಗಿದ 32 ಅಣಬೆ ತಾವೇ ತಿಂದರು. ರಕ್ತದೊತ್ತಡ ನೋಡೋಕೆ ಬಗ್ಗಿದ ಡಾಕ್ಟರ್ ಅಜ್ಟೆಕ್ ಪೂಜಾರಿಯಾಗಿ ಕಂಡರಂತೆ. ಸತ್ವ ಇದೆ ಅಂತ ಗೊತ್ತಾಯ್ತು! ಆಮೇಲೆ ಒಂದೊಂದು ಭಾಗವನ್ನ ಬೇರ್ಪಡಿಸಿ, ಅವರೂ ಸಹೋದ್ಯೋಗಿಗಳೂ ತಿಂದು ನೋಡಿ, 1958ರಲ್ಲಿ ಶುದ್ಧ ಹರಳು ತೆಗೆದರು. ಸೈಲೊಸೈಬಿನ್. ಅದರ ಆಕಾರ ನಮ್ಮ ಮೆದುಳಿನದೇ ಆದ ಸೆರೊಟೋನಿನ್‌ಗೆ ಬಹಳ ಹತ್ತಿರ. ಎಲ್‌ಎಸ್‌ಡಿಯ ಒಳಗೂ ಅದೇ ಇಂಡೋಲ್ ಉಂಗುರ ಅಡಗಿದೆ.

1962ರಲ್ಲಿ ವಾಸನ್ ಜೊತೆ ಹಾಫ್‌ಮನ್ ದಂಪತಿ ಮೆಕ್ಸಿಕೋಗೆ ಹೋದರು. ಹ್ವಾವುಟ್ಲಾದ ಪ್ರಸಿದ್ಧ ವೈದ್ಯೆ ಮರಿಯಾ ಸಬೀನಾಗೆ ಸ್ಯಾಂಡೋಜ್‌ನ ಮಾತ್ರೆ ಕೊಟ್ಟರು. ರಾತ್ರಿ ಪೂಜೆ ಮುಗಿದ ಮೇಲೆ ಆಕೆ, ಅಣಬೆಗೂ ಇದಕ್ಕೂ ವ್ಯತ್ಯಾಸ ಇಲ್ಲ, ಇನ್ಮೇಲೆ ಅಣಬೆ ಸಿಗದ ಕಾಲದಲ್ಲೂ ಜನರಿಗೆ ನೆರವಾಗಬಹುದು ಅಂತ ಖುಷಿಪಟ್ಟರು. ಯಾವ ಜರ್ನಲ್ಲಿನ ರೆಫರಿ ಕೊಟ್ಟ ಸರ್ಟಿಫಿಕೇಟಿಗಿಂತಲೂ ಇದು ದೊಡ್ಡದು ಅಂತ ನನ್ನ ಅಭಿಪ್ರಾಯ. ಆದರೆ ಹೊರಗಿನವರ ದಂಡು ಆ ಹಳ್ಳಿಗೆ ನುಗ್ಗಿ ಆಕೆಯ ಬದುಕು ಹಾಳಾಗಿದ್ದೂ ಈ ಕಥೆಯ ಭಾಗವೇ.

ತಲೆನೋವಿನ ಕಡೆ ಬರೋಣ. ಎಲ್‌ಎಸ್‌ಡಿಯ ಸೋದರಸಂಬಂಧಿಗಳನ್ನ ಸ್ಯಾಂಡೋಜ್ ಲ್ಯಾಬ್ ಸಾಲುಸಾಲಾಗಿ ಮಾಡಿತ್ತು. ಅವುಗಳಲ್ಲಿ ಎರಡು ಮುಖ್ಯ. ಒಂದು ಮೆಥಿಸರ್ಜೈಡ್. ಇಟಲಿಯ ಫ್ಲಾರೆನ್ಸಿನ ಸಿಕುಟೇರಿ 1959ರಲ್ಲಿ ಅದನ್ನ ಮೈಗ್ರೇನ್ ಬರದಂತೆ ತಡೆಯೋಕೆ ಬಳಸಿದರು, ಕ್ಲಸ್ಟರಿಗೂ ಅದು ಕೆಲಸ ಮಾಡಿತು. ಹಲವು ವರ್ಷ ಈ ರೋಗಿಗಳಿಗೆ ಅದೇ ಆಸರೆ. ಬಹಳ ಕಾಲ ತಗೊಂಡವರಲ್ಲಿ ಕೆಲವರಿಗೆ ಹೊಟ್ಟೆಯ ಹಿಂಭಾಗದಲ್ಲಿ ನಾರು ಬೆಳೆದು ಮೂತ್ರನಾಳ ಬಿಗಿಯತೊಡಗಿದ್ದರಿಂದ ನಿಧಾನಕ್ಕೆ ಮೂಲೆಗೆ ಸರಿಯಿತು. ಇನ್ನೊಂದು, ಎಲ್‌ಎಸ್‌ಡಿಗೆ ಒಂದು ಬ್ರೋಮಿನ್ ಪರಮಾಣು ಸೇರಿಸಿದ ಬಿಒಎಲ್-148. ಒಂದೇ ಒಂದು ಪರಮಾಣು, ಭ್ರಮೆ ಗಿಮೆ ಏನೂ ಇಲ್ಲ. ಹಾಗಾದ್ರೆ ಇದು ಪ್ರಯೋಜನಕ್ಕಿಲ್ಲ ಅಂತ ಆಗಿನವರು ಪಕ್ಕಕ್ಕಿಟ್ಟರು. ಈ ಹೆಸರು ನೆನಪಿಟ್ಟುಕೊಳ್ಳಿ.

1960ರ ದಶಕದ ಗಲಾಟೆ ನಿಮಗೆ ಗೊತ್ತಿರೋದೇ. ಹಾರ್ವರ್ಡಿನ ಟಿಮೊಥಿ ಲಿಯರಿ 1963ರಲ್ಲಿ ಸ್ಯಾಂಡೋಜ್‌ಗೆ 100 ಗ್ರಾಂ ಎಲ್‌ಎಸ್‌ಡಿ, 25 ಕಿಲೋ ಸೈಲೊಸೈಬಿನ್ ಬೇಕು ಅಂತ ಆರ್ಡರ್ ಹಾಕಿದರು. ಕಾಲು ಮಿಲಿಗ್ರಾಮಿಗೆ ಸೈಕಲ್ ಮೇಲೆ ಲೋಕ ತಿರುಗಿದ ಮನುಷ್ಯನ ಮುಂದೆ ಈ ಆರ್ಡರ್ ಇಟ್ಟರೆ ಹೇಗಿರುತ್ತೆ? ನೂರು ಮೈಕ್ರೋಗ್ರಾಮಿಗೆ ಒಂದು ಡೋಸ್ ಅಂದ್ರೂ 100 ಗ್ರಾಂ ಅಂದ್ರೆ ಹತ್ತು ಲಕ್ಷ ಜನಕ್ಕೆ. ಕೊಡಲಿಲ್ಲ. ಬೀದಿಯಲ್ಲಿ ಬೇರೆಯವರು ಮಾಡಿದ ಮಾಲು ಹರಿದಾಡಿತು, ಅವಘಡಗಳಾದವು, 1965ರಲ್ಲಿ ಸ್ಯಾಂಡೋಜ್ ವಿತರಣೆಯನ್ನೇ ನಿಲ್ಲಿಸಿತು. ಹಿಂದೆಯೇ ದೇಶದಿಂದ ದೇಶಕ್ಕೆ ನಿಷೇಧ, 1971ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ. ಅದೇ ವರ್ಷ ಹಾಫ್‌ಮನ್ ನಿವೃತ್ತರಾದರು. 1979ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲೇ ಎಲ್‌ಎಸ್‌ಡಿಯನ್ನ ತನ್ನ ತಲೆನೋವಿನ ಮಗು ಅನ್ನೋ ಅರ್ಥದಲ್ಲಿ ಕರೆದರು. ಬೀದಿಯಲ್ಲಿ ಹಾಳಾದ ಮಗ, ಆಸ್ಪತ್ರೆಗೆ ವಾಪಸ್ ಬರಲಿ ಅನ್ನೋ ಅಪ್ಪನ ಹಂಬಲ ಅದರ ತುಂಬಾ ಇದೆ. ಆ ಮಗು ನಿಜವಾದ ತಲೆನೋವಿಗೇ ಸುದ್ದಿಯಾಗುತ್ತೆ ಅಂತ ಯಾರು ಅಂದುಕೊಂಡಿದ್ದರು!

ಸುದ್ದಿ ಹುಟ್ಟಿದ್ದು ಲ್ಯಾಬಿನಲ್ಲಿ ಅಲ್ಲ, ರೋಗಿಗಳ ನಡುವೆ. ಬೇರೆ ಕಾರಣಕ್ಕೆ ಎಲ್‌ಎಸ್‌ಡಿ ಅಥವಾ ಅಣಬೆ ತಗೊಂಡಿದ್ದ ಕೆಲವರು, ಆ ವರ್ಷ ನೋವಿನ ಸರದಿ ಬರಲೇ ಇಲ್ಲ ಅಂತ ಗಮನಿಸಿ ಒಬ್ಬರಿಗೊಬ್ಬರು ಹೇಳಿಕೊಂಡರು. ಹಾಫ್‌ಮನ್‌ಗೆ ನೂರು ತುಂಬಿದ 2006ರಲ್ಲೇ, ಹಾರ್ವರ್ಡಿಗೆ ಸೇರಿದ ಸಂಶೋಧಕರು ಇಂಥ 53 ರೋಗಿಗಳನ್ನ ಮಾತಾಡಿಸಿ ನ್ಯೂರಾಲಜಿ ಪತ್ರಿಕೆಯಲ್ಲಿ ಬರೆದರು. ದಾಳಿಯ ಹೊತ್ತಿನಲ್ಲಿ ಸೈಲೊಸೈಬಿನ್ ತಗೊಂಡ 26 ಜನರಲ್ಲಿ 22 ಮಂದಿ ನೋವು ನಿಂತಿತು ಅಂದಿದ್ದರು. ಇದು ಜನ ಹೇಳಿದ ಮಾತು, ಪ್ಲಸೀಬೋ ಜೊತೆ ಹೋಲಿಸಿದ ಪ್ರಯೋಗ ಅಲ್ಲ. ಗುಣವಾದವರೇ ಮುಂದೆ ಬಂದು ಹೇಳಿರಬಹುದು. ಆದರೂ ತಳ್ಳಿಹಾಕೋ ಸಂಖ್ಯೆ ಅಲ್ಲ.

ಆ ಜನವರಿಯಲ್ಲಿ ಬಾಸೆಲ್‌ನಲ್ಲಿ ಅವರ ಹುಟ್ಟುಹಬ್ಬಕ್ಕೆ ಸಮ್ಮೇಳನವೇ ನಡೀತು, ಅಜ್ಜ ವೇದಿಕೆ ಹತ್ತಿ ಮಾತಾಡಿದರು. 2007ರ ಕೊನೆಗೆ ಅನಿತಾ ತೀರಿಕೊಂಡರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಗಂಭೀರ ಕಾಯಿಲೆಯಿಂದ ಸಾವಿನ ಭಯದಲ್ಲಿರೋ ರೋಗಿಗಳಿಗೆ ಎಲ್‌ಎಸ್‌ಡಿ ಜೊತೆಗಿನ ಚಿಕಿತ್ಸೆಯನ್ನ ಪರೀಕ್ಷಿಸೋಕೆ ಸ್ವಿಟ್ಜರ್‌ಲೆಂಡ್ ಒಪ್ಪಿಗೆ ಕೊಟ್ಟಿತು. ಮಗ ಆಸ್ಪತ್ರೆ ಬಾಗಿಲಿಗೆ ಬಂದಿದ್ದನ್ನ ಅಪ್ಪ ನೋಡಿದರು. 2008ರ ಏಪ್ರಿಲ್ 29ರಂದು, 102ನೇ ವಯಸ್ಸಿನಲ್ಲಿ, ಬುರ್ಗ್ ಹಳ್ಳಿಯ ಗುಡ್ಡದ ಮೇಲಿನ ಮನೆಯಲ್ಲಿ ಹೃದಯ ನಿಂತಿತು.

ನೋಡದೆ ಹೋಗಿದ್ದು ಬಿಒಎಲ್ ಕಥೆ. 2010ರಲ್ಲಿ ಜರ್ಮನಿಯ ಹ್ಯಾನೋವರ್ ವೈದ್ಯಕೀಯ ಕಾಲೇಜಿನವರು ಐದು ಕ್ಲಸ್ಟರ್ ರೋಗಿಗಳಿಗೆ ಐದೈದು ದಿನದ ಅಂತರದಲ್ಲಿ ಮೂರೇ ಡೋಸ್ ಕೊಟ್ಟ ವರದಿ ಬಂತು. ಭ್ರಮೆ ಇಲ್ಲ, ಆದರೆ ದಾಳಿಗಳು ತೀರಾ ಕಡಿಮೆಯಾದವು, ಕೆಲವರಿಗೆ ತಿಂಗಳುಗಟ್ಟಲೆ ಬಿಡುವು. ಹಾಗಾದ್ರೆ ನೋವು ತಡೆಯೋ ಕೆಲಸಕ್ಕೂ ಬಣ್ಣದ ಚಿತ್ರಗಳಿಗೂ ಸಂಬಂಧ ಇಲ್ವಾ? ಮೂರು ಡೋಸ್ ಮೈಯಿಂದ ಹೋದಮೇಲೂ ತಿಂಗಳುಗಟ್ಟಲೆ ಪರಿಣಾಮ ಹೇಗೆ? ಮೆದುಳಿನ ಗಡಿಯಾರ ಇರೋ ಹೈಪೋಥಲಮಸ್ ಈ ನೋವಿನ ಹೊತ್ತಲ್ಲಿ ಚುರುಕಾಗುತ್ತೆ ಅಂತ 1998ರ ಸ್ಕ್ಯಾನ್‌ಗಳು ತೋರಿಸಿದ್ದವು. ಗುಟ್ಟು ಅಲ್ಲೆಲ್ಲೋ ಇದೆ ಅಂತ ಊಹೆ. ಐದೇ ಜನ, ಹೋಲಿಕೆಗೆ ಪ್ಲಸೀಬೋ ಗುಂಪಿಲ್ಲ ಅನ್ನೋದನ್ನೂ ಹೇಳಬೇಕು. 2022ರಲ್ಲಿ ಯೇಲ್‌ನವರು 14 ಜನರ ಮೇಲೆ ಸೈಲೊಸೈಬಿನ್ನನ್ನ ಪ್ಲಸೀಬೋ ಜೊತೆ ಹೋಲಿಸಿದರು. ದಾಳಿ ಇಳಿದ ಹಾಗೆ ಕಂಡಿತು, ಆದರೆ ಅಂಕಿಅಂಶದ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಅವರಲ್ಲಿ 10 ಜನ ಎರಡನೇ ಸುತ್ತಿಗೆ ವಾಪಸ್ ಬಂದಾಗ ವಾರದ ದಾಳಿಗಳು ಸುಮಾರು ಅರ್ಧಕ್ಕೆ ಇಳಿದವು. ಸೈಕಲ್ ಓಡಿದ ಅದೇ ಬಾಸೆಲ್‌ನ ಯೂನಿವರ್ಸಿಟಿ ಆಸ್ಪತ್ರೆಯೂ ಕ್ಲಸ್ಟರ್ ರೋಗಿಗಳ ಮೇಲೆ ಎಲ್‌ಎಸ್‌ಡಿ ಪ್ರಯೋಗ ಹಮ್ಮಿಕೊಂಡಿತು.

ಇದನ್ನೆಲ್ಲ ಓದಿ ಮಾವನ ಮುಂದೆ ಕೂತು ಹೇಳಿದೆ. ಅತ್ತೆ ಮೊದಲು ಕೇಳಿದ್ದೇ, ಇಲ್ಲಿ ಸಿಗುತ್ತೇನೋ ಅಂತ. ಇಲ್ಲ ಅತ್ತೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಎರಡೂ ನಿಷಿದ್ಧ, 0.1 ಗ್ರಾಂ ಎಲ್‌ಎಸ್‌ಡಿ ಸಿಕ್ಕಿದರೆ ವಾಣಿಜ್ಯ ಪ್ರಮಾಣ ಅಂತಲೇ ಲೆಕ್ಕ. ಬೀದಿಯಲ್ಲಿ ಸಿಗೋ ಚೂರು ಕಾಗದದಲ್ಲಿ ಏನಿದೆ, ಎಷ್ಟಿದೆ ಅಂತ ಯಾರಿಗೂ ಗೊತ್ತಿರಲ್ಲ. ಡೋಸ್ ಅಳೆದು ಕೊಡಬೇಕು ಅಂತಲೇ ಸ್ಟೋಲ್ ಮತ್ತು ಹಾಫ್‌ಮನ್ ಜೀವನ ಸವೆಸಿದ್ದು. ಮಾವ ಸುಮ್ಮನೆ ಕೇಳಿಸಿಕೊಂಡರು. ಈಗ ಅವರಿಗೆ ಸರಿಯಾದ ನ್ಯೂರಾಲಜಿಸ್ಟ್ ಸಿಕ್ಕಿದ್ದಾರೆ. ಸರದಿ ಶುರುವಾದಾಗ ವೆರಾಪಮಿಲ್ ಮಾತ್ರೆ, ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರ್. ನೋವು ಎದ್ದ ಕೂಡಲೇ ಮಾಸ್ಕ್ ಹಾಕಿ ನಿಮಿಷಕ್ಕೆ 12 ಲೀಟರ್, ಹದಿನೈದು ನಿಮಿಷ. ಬಹುಪಾಲು ಸಲ ಇಳಿಯುತ್ತೆ, ಇಳಿಯದ ರಾತ್ರಿ ಟೆರೇಸ್ ಇದ್ದೇ ಇದೆ. ಹೊರಡೋವಾಗ ಮಾವ ಒಂದೇ ಮಾತು ಕೇಳಿದರು: ಆ ಭ್ರಮೆ ಬರಿಸದೇ ಇರೋದು, ಬ್ರೋಮಿನ್ ಹಾಕಿದ್ದು, ಅದರ ಹೆಸರೇನೋ ಅಂದೆಯಲ್ಲ, ಒಂದು ಚೀಟಿಯಲ್ಲಿ ಬರೆದುಕೊಡು, ಮುಂದಿನ ಸಲ ಡಾಕ್ಟರ್ ಹತ್ತಿರ ಕೇಳ್ತೀನಿ ಅಂತ. ಬರೆದುಕೊಟ್ಟು ಬಂದೆ.